ಇಪ್ಪತ್ತೈದನೇ ಒಂದು ಪಾಲು ಪೊಲೀಸ್

ಪೊಲೀಸ್ ಗಾಡಿ ಎದುರಾದಾಗ ಏನು ಮಾಡುತ್ತಾನೆಂಬುದನ್ನು ನೋಡಿಯೇ ಮನುಷ್ಯನ ಜಾತಕ ಹೇಳಬಹುದು. ಸ್ಕೂಟರಿನವನು ಹ್ಯಾಂಡಲಿಗೆ ನೇತುಹಾಕಿದ್ದ ಹೆಲ್ಮೆಟ್ಟನ್ನು ತಲೆಗೇರಿಸುತ್ತಾನೆ. ಕಾರಿನವನು ಕಿವಿಯಲ್ಲಿದ್ದ ಫೋನನ್ನು ತೊಡೆಯ ಮೇಲೆ ಬೀಳಿಸುತ್ತಾನೆ. ಯಾವ ತಪ್ಪೂ ಮಾಡದವನು, ತಾನು ಏನು ತಪ್ಪು ಮಾಡಿರಬಹುದೆಂದು ಗಾಬರಿಯಿಂದ ಯೋಚಿಸತೊಡಗುತ್ತಾನೆ. ನಾನು ಬಹುಕಾಲ ಈ ಮೂರನೆಯ ಪಂಗಡದಲ್ಲಿದ್ದೆ. ಈಚೆಗೆ ನಾಲ್ಕನೆಯದಕ್ಕೆ ಬಡ್ತಿ ಸಿಕ್ಕಿದೆ. ಚಕ್ರದ ಮುಚ್ಚಳ ಯಾವ ಮಾದರಿಯದು, ಆಂಟೆನಾ ಎಲ್ಲಿಂದ ಹೊರಟಿದೆ, ತಲೆಯ ಮೇಲಿನ ದೀಪದ ಪಟ್ಟಿಯಲ್ಲಿ ಎಷ್ಟು ಮನೆಗಳಿವೆ ಎಂದು ಕತ್ತು ಚಾಚಿ ನೋಡುವವರ ಪಂಗಡ ಅದು. ಹಾಗೆ ನೋಡುವವನನ್ನು ಪೊಲೀಸರೂ ತಿರುಗಿ ನೋಡುತ್ತಾರೆ. ಆ ನೋಟದಲ್ಲಿ ಹವ್ಯಾಸಿಯ ಸ್ನೇಹ ಇರುವುದಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮೇಜಿನ ಮೇಲೆ ಬಂದು ಕೂತ ಒಂದು ರಟ್ಟಿನ ಪೆಟ್ಟಿಗೆ. ಮುಚ್ಚಳದ ಮೇಲೆ ಫೋರ್ಡ್ ಕ್ರೌನ್ ವಿಕ್ಟೋರಿಯಾ ಗಸ್ತು ಕಾರಿನ ಚಿತ್ರ. ಕೆಂಪು ನೀಲಿ ದೀಪ ಹೊತ್ತಿಸಿಕೊಂಡು ಇನ್ನೇನು ಪೆಟ್ಟಿಗೆಯಿಂದಾಚೆ ನೆಗೆಯಬೇಕು, ಅಷ್ಟು ಆವೇಶ. ತೆರೆದರೆ ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಕೆಲವು ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ಬಿಡಿಭಾಗಗಳು, ನಾಲ್ಕು ರಬ್ಬರ್ ಟೈರು, ಗಾಜಿನ ಬದಲು ಪಾರದರ್ಶಕ ತುಂಡುಗಳು, ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳ, ಅಂದರೆ ಡೆಕಾಲ್‌ಗಳ, ಒಂದು ಹಾಳೆ, ಸೂಚನಾಪತ್ರ. ಮನೆಯಾಕೆ ಇಣುಕಿ ನೋಡಿ, “ದುಡ್ಡು ತಗೊಂಡವರಿಗೆ ಜೋಡಿಸಿ ಕೊಡೋಕೆ ಏನು ದಾಡಿ?” ಎಂದಳು. ಈ ಪ್ರಶ್ನೆಗೆ ಹವ್ಯಾಸಿಗಳ ಬಳಿ ಇವತ್ತಿಗೂ ಉತ್ತರವಿಲ್ಲ. ಜೋಡಿಸಿದ ಕಾರು ಅಂಗಡಿಯಲ್ಲಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಆದರೆ ಅದನ್ನು ಕೊಂಡವನಿಗೆ ಅದರ ಹೊಟ್ಟೆಯೊಳಗೆ ಏನಿದೆಯೆಂದು ತಿಳಿಯುವುದೇ ಇಲ್ಲ.

ಅಮೆರಿಕದ ಕಾರುಗಳ ಇಂಥ ಕಿಟ್‌ಗಳು ಹೆಚ್ಚಾಗಿ 1/25 ಅಳತೆಯವು, ಜಪಾನಿನವು 1/24. ಐದೂ ಕಾಲು ಮೀಟರಿಗಿಂತ ಉದ್ದದ ಕ್ರೌನ್ ವಿಕ್ಟೋರಿಯಾ ಈ ಲೆಕ್ಕದಲ್ಲಿ ಒಂದು ಗೇಣಿನಷ್ಟಾಗುತ್ತದೆ. ಅದರ ಪಕ್ಕದಲ್ಲಿ ನಿಂತರೆ ನಾನು ಏಳು ಸೆಂಟಿಮೀಟರ್ ಎತ್ತರ. ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ಸಾಮಾನ್ಯ ಪ್ರಜೆ ಪೊಲೀಸ್ ಗಾಡಿಯನ್ನು ಅಂಗೈಯಲ್ಲಿ ಮಗುಚಿ, ಅದರ ತಳ ನೋಡಿ, ಸೈಲೆನ್ಸರ್ ಸರಿಯಿದೆಯೇ ಎಂದು ತಪಾಸಣೆ ಮಾಡಬಹುದು. ಈ ಸುಖವೇನು ಸಣ್ಣದಲ್ಲ.

ಈ ಕಾರಿಗೆ ಒಂದು ಚರಿತ್ರೆಯಿದೆ. ಬಲವಾದ ಚೌಕಟ್ಟಿನ ಮೇಲೆ ಮೈಯನ್ನು ಬೇರೆಯಾಗಿ ಕೂರಿಸುವ ಹಳೆಯ ಪದ್ಧತಿ, ಮುಂದೆ 4.6 ಲೀಟರಿನ ವಿ-8 ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ. ಉಳಿದ ಕಾರುಗಳು ಹಗುರಾಗಿ, ಚುರುಕಾಗಿ ಬದಲಾಗುತ್ತಿದ್ದ ಕಾಲದಲ್ಲೂ ಇದು ಹಳೇ ಹೆಡ್‌ಕಾನ್‌ಸ್ಟೇಬಲ್ಲನ ಗತ್ತಿನಲ್ಲಿ ಉಳಿಯಿತು. ಫುಟ್‌ಪಾತ್ ಹತ್ತಿಸಿದರೂ, ಇನ್ನೊಂದು ಕಾರಿಗೆ ಗುದ್ದಿದರೂ ತಡೆದುಕೊಳ್ಳುತ್ತಿತ್ತು, ರಿಪೇರಿ ಸುಲಭ. ಹಾಗಾಗಿ ಅಮೆರಿಕದ ಪೊಲೀಸರಿಗೆ ಅಚ್ಚುಮೆಚ್ಚು. ಕೆನಡಾದ ಒಂಟಾರಿಯೋದಲ್ಲಿದ್ದ ಸೇಂಟ್ ಥಾಮಸ್ ಕಾರ್ಖಾನೆಯಿಂದ ಕೊನೆಯ ಕ್ರೌನ್ ವಿಕ್ಟೋರಿಯಾ ಹೊರಬಂದದ್ದು 2011ರ ಸೆಪ್ಟೆಂಬರ್ 15ರಂದು. ಕಾರ್ಖಾನೆಯೂ ಅಲ್ಲಿಗೆ ಮುಚ್ಚಿತು.

ಇದೇ ಕಾರು ಹಳದಿ ಬಣ್ಣ ಬಳಿದುಕೊಂಡು ನ್ಯೂಯಾರ್ಕಿನಲ್ಲಿ ಟ್ಯಾಕ್ಸಿಯಾಗಿಯೂ ದುಡಿಯಿತು. ಪೊಲೀಸ್ ಸೇವೆಯಿಂದ ನಿವೃತ್ತವಾದ ಎಷ್ಟೋ ಗಾಡಿಗಳು ಹರಾಜಿನಲ್ಲಿ ಕೈಬದಲಾಗಿ ಸಣ್ಣ ಊರುಗಳಲ್ಲಿ ಬಾಡಿಗೆಗೆ ಓಡಿದವು. ಮುಂದೆ ಬಾಗಿಲ ಪಕ್ಕದ ಕಂಬಕ್ಕೆ ಸಿಕ್ಕಿಸಿದ ಸರ್ಚ್‌ಲೈಟು, ಮೂತಿಗೆ ಕಟ್ಟಿದ ಕಬ್ಬಿಣದ ತಡೆ, ಅಲಂಕಾರವಿಲ್ಲದ ಉಕ್ಕಿನ ಚಕ್ರ, ಒಳಗೆ ಮುಂದಿನ ಹಿಂದಿನ ಸೀಟುಗಳ ನಡುವಿನ ಜಾಲರಿ, ನೆತ್ತಿಯ ಮೇಲೆ ದೀಪ. ಇಷ್ಟನ್ನು ಬಿಚ್ಚಿಟ್ಟರೆ ನಿವೃತ್ತ ಮೇಷ್ಟ್ರು ಮಾರುಕಟ್ಟೆಗೆ ಓಡಿಸುವಂಥ ಕಾರು. ಕಿಟ್ ತಯಾರಕರಿಗೆ ಈ ಗುಟ್ಟು ಬಹಳ ಹಿಂದೆಯೇ ಗೊತ್ತಿತ್ತು. ಎಎಂಟಿ ಎಂಬ ಅಮೆರಿಕದ ಕಂಪನಿ 1958ರಲ್ಲೇ ಒಂದು ಪೆಟ್ಟಿಗೆಯಲ್ಲಿ ಮೂರು ಬಗೆಯ ಕಾರು ಮಾಡಿಕೊಳ್ಳಬಹುದಾದ ಕಿಟ್ ತಂದಿತು. ಮೈ ಒಂದೇ, ಯಾವ ಅವತಾರ ಬೇಕೋ ಕಟ್ಟುವವನ ಇಷ್ಟ.

ಪೊಲೀಸ್ ಕಾರಿನ ಮೊದಲ ಅವತಾರವಂತೂ ಈ ಗತ್ತಿನಿಂದ ಬಹಳ ದೂರದ್ದು. 1899ರಲ್ಲಿ ಓಹಾಯೋ ರಾಜ್ಯದ ಏಕ್ರನ್ ನಗರದ ಪೊಲೀಸರಿಗಾಗಿ ಒಂದು ಮೋಟಾರು ಬಂಡಿ ತಯಾರಾಯಿತು. ಅದು ಬ್ಯಾಟರಿಯಿಂದ ಓಡುತ್ತಿತ್ತು. ಇವತ್ತು ನಾವು ಹೊಸತೆಂದು ಹೊಗಳುವ ವಿದ್ಯುತ್ ವಾಹನ! ವೇಗ ತಾಸಿಗೆ ಸುಮಾರು 16 ಮೈಲಿ. ಅದು ಮಾಡಿದ ಮೊದಲ ಘನಕಾರ್ಯ, ಬೀದಿಯಲ್ಲಿ ಕುಡಿದು ತೂರಾಡುತ್ತಿದ್ದವನೊಬ್ಬನನ್ನು ಠಾಣೆಗೆ ಹೊತ್ತು ತಂದದ್ದು. ಮರುವರ್ಷ ಊರಿನಲ್ಲಿ ಗಲಭೆಯಾದಾಗ ಜನ ಬಂಡಿಯನ್ನೇ ಕಾಲುವೆಗೆ ನೂಕಿದರು. ಪೊಲೀಸ್ ಗಾಡಿಯ ಮೇಲೆ ಜನರಿಗಿರುವ ಸಿಟ್ಟಿಗೂ ಗಾಡಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು ಅನ್ನಬೇಕು.

ಗಾಡಿಗೆ ಕಿವಿ ಬಂದದ್ದು 1928ರಲ್ಲಿ, ಡೆಟ್ರಾಯಿಟ್‌ನಲ್ಲಿ. ಠಾಣೆಯಿಂದ ರೇಡಿಯೋದಲ್ಲಿ ಹೇಳಿದ್ದು ಕಾರಿನಲ್ಲಿ ಕೇಳುತ್ತಿತ್ತು. ಆದರೆ ಬಾಯಿ ಇರಲಿಲ್ಲ; ಉತ್ತರ ಕೊಡಬೇಕಾದರೆ ಪೇದೆ ಕಾರು ನಿಲ್ಲಿಸಿ ಟೆಲಿಫೋನ್ ಹುಡುಕಬೇಕು. ಬಾಯಿಯೂ ಬಂದದ್ದು 1933ರಲ್ಲಿ, ನ್ಯೂಜೆರ್ಸಿಯ ಬೆಯೋನ್ ಎಂಬ ಊರಿನಲ್ಲಿ. ಈ ಪುರಾಣ ಯಾಕೆಂದರೆ, ಕಿಟ್‌ನಲ್ಲಿ ನನ್ನ ಕೈಗೆ ಕಷ್ಟ ಕೊಟ್ಟ ಭಾಗ ಎಂಜಿನ್ನೂ ಅಲ್ಲ, ಚಕ್ರವೂ ಅಲ್ಲ. ಆ ರೇಡಿಯೋದ ಆಂಟೆನಾ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಆಂಟೆನಾ ಈ ಅಳತೆಗೆ ತೀರಾ ದಪ್ಪ. ನಿಜವಾದ ಕಾರಿಗೆ ಹಿಗ್ಗಿಸಿದರೆ ಬಾವುಟದ ಕಂಬವಾದೀತು. ಅದಕ್ಕೆ ಒಂದು ಹಳೆಯ ಉಪಾಯವಿದೆ. ಖಾಲಿಯಾದ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಉರಿಯ ಮೇಲೆ, ತಾಗಿಸದೆ, ತಿರುಗಿಸುತ್ತ ಹಿಡಿಯಬೇಕು. ಮೆತ್ತಗಾಗಿ ನಡು ಬಾಗತೊಡಗಿದಾಗ ಉರಿಯಿಂದ ಸರಿಸಿ ಎರಡೂ ತುದಿಗಳನ್ನು ನಿಧಾನ ಎಳೆದರೆ ಕೂದಲೆಳೆ ದಪ್ಪದ ನೂಲು ಬರುತ್ತದೆ. ಆರುವವರೆಗೆ ಹಾಗೇ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಕಸದಬುಟ್ಟಿಗೆ ಹೋಗಬೇಕಾದ ಕಡ್ಡಿ ಹೀಗೆ ಕಾರಿನ ನೆತ್ತಿಯೇರಿತು.

ಅಂಟಿನದು ಇನ್ನೊಂದು ಸ್ವಾರಸ್ಯ. ಪಾಲಿಸ್ಟೈರೀನ್ ಕಿಟ್‌ಗೆ ಹಾಕುವ ಸಿಮೆಂಟ್ ಹೆಸರಿಗಷ್ಟೇ ಅಂಟು. ಅದು ಎರಡೂ ತುಂಡುಗಳ ಅಂಚನ್ನು ಕರಗಿಸಿ ಒಂದರೊಳಗೊಂದು ಬೆರೆಸಿ, ತಾನು ಆವಿಯಾಗಿ ಹೋಗುತ್ತದೆ. ಆಮೇಲೆ ಅಲ್ಲಿ ಎರಡು ತುಂಡು ಇರುವುದೇ ಇಲ್ಲ. ಮದುವೆ ಮಾಡಿಸಿ ಊಟಕ್ಕೂ ನಿಲ್ಲದೆ ಹೊರಟುಹೋಗುವ ಪುರೋಹಿತರು ಈಗೆಲ್ಲಿ ಸಿಗುತ್ತಾರೆ! ಕಿಟಕಿಯ ಗಾಜಿಗೆ ಮಾತ್ರ ಇದನ್ನಾಗಲಿ ಸೂಪರ್‌ಗ್ಲೂವನ್ನಾಗಲಿ ಬಳಸಬಾರದು. ಮೊದಲನೆಯದು ಗಾಜನ್ನು ಕರಗಿಸುತ್ತದೆ, ಎರಡನೆಯದು ಮಂಜು ಕವಿಸುತ್ತದೆ. ಒಣಗಿದರೆ ಪಾರದರ್ಶಕವಾಗುವ ಬಿಳಿ ಅಂಟೇ ಅಲ್ಲಿಗೆ ಸರಿ.

ಬಣ್ಣದ ವಿಷಯಕ್ಕೆ ಬಂದರೆ ನಾನು ಆರಿಸಿಕೊಂಡದ್ದು ಲಾಸ್ ಏಂಜಲೀಸ್ ಪೊಲೀಸರ ಉಡುಪು: ಕಪ್ಪು ಮೈ, ಬಿಳಿ ಬಾಗಿಲು, ಬಿಳಿ ಛಾವಣಿ. ಬಿಳಿಯನ್ನು ಮೊದಲು ಬಳಿದು, ಟೇಪಿನಿಂದ ಮುಚ್ಚಿ, ಆಮೇಲೆ ಕಪ್ಪು. ಕಪ್ಪಿನ ಮೇಲೆ ಬಿಳಿ ಎಷ್ಟು ಸಲ ಬಳಿದರೂ ಕೆಳಗಿನ ಕಪ್ಪು ಇಣುಕುತ್ತದೆ. ಬಣ್ಣ ತೆಳುವಾಗಿರಬೇಕು. ನಿಜವಾದ ಕಾರಿನ ಬಣ್ಣದ ಪದರ ಒಂದು ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸು. ಮಾದರಿಯ ಮೇಲೆ ಅದರ ಅರ್ಧ ದಪ್ಪ ಬಳಿದರೂ, ಇಪ್ಪತ್ತೈದರಿಂದ ಗುಣಿಸಿದಾಗ ಒಂದು ಮಿಲಿಮೀಟರಿಗಿಂತ ಹೆಚ್ಚು; ಗೋಡೆಗೆ ಗಾರೆ ಮೆತ್ತಿದ ಹಾಗೆಯೇ ಲೆಕ್ಕ. ಆಷಾಢದ ತೇವದಲ್ಲಿ ಸ್ಪ್ರೇ ಮಾಡಿದರೆ ಹೊಳಪಿನ ಕಪ್ಪಿಗೆ ಬೂದಿ ಬಳಿದ ಛಾಯೆ ಬರುತ್ತದೆ. ಹಾಗಾಗಿ ಬೆಂಗಳೂರಿನ ಹವ್ಯಾಸಿ ರೈತನಂತೆಯೇ ಮೋಡ ನೋಡುತ್ತಾನೆ, ಪ್ರಾರ್ಥನೆ ಮಾತ್ರ ಉಲ್ಟಾ.

ಇಷ್ಟಾದರೂ ಮೇಜಿನ ಮೇಲಿರುವುದು ಕಪ್ಪುಬಿಳುಪಿನ ಒಂದು ಕಾರು, ಅಷ್ಟೆ. ಅದು ಪೊಲೀಸ್ ಆಗುವುದು ಡೆಕಾಲ್ ಕೂತಾಗ. ಕಾಗದದಿಂದ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು, ಕುಂಚದ ತುದಿಯಿಂದ ಬಾಗಿಲ ಮೇಲೆ ಜಾರಿಸಬೇಕು. ಬಾಗಿಲಿಗೆ ನಗರದ ಲಾಂಛನ, ಛಾವಣಿಗೆ ಹೆಲಿಕಾಪ್ಟರಿನಿಂದ ಓದಲು ದೊಡ್ಡ ಅಂಕಿಗಳು. ಚಿಕ್ಕಂದಿನಲ್ಲಿ ಮಳೆ ಬಂದು ಹೊರಗೆ ಹೋಗಲಾಗದ ಮಧ್ಯಾಹ್ನಗಳಲ್ಲಿ ರಾಜ, ರಾಣಿ, ಕಳ್ಳ, ಪೊಲೀಸ್ ಎಂದು ಚೀಟಿ ಬರೆದು ಎಸೆದು ಆಡುತ್ತಿದ್ದೆವು. ಚೀಟಿ ಬಿಡಿಸುವವರೆಗೆ ನಾಲ್ವರೂ ಒಂದೇ. ಬಿಡಿಸಿದ ಕ್ಷಣ ಒಬ್ಬ ಪೊಲೀಸಾಗಿ ಎದೆಯುಬ್ಬಿಸಿ ಉಳಿದವರ ಮುಖ ಪರೀಕ್ಷಿಸತೊಡಗುತ್ತಿದ್ದ. ಡೆಕಾಲ್ ಆ ಚೀಟಿಯೇ. ಅಧಿಕಾರದ ತೂಕ ಎಂಜಿನ್ನಿನಲ್ಲೂ ಇಲ್ಲ, ಉಕ್ಕಿನಲ್ಲೂ ಇಲ್ಲ. ಕಟ್ಟಕಡೆಗೆ ಬಂದು ಕೂರುವ, ಉಸಿರು ಬಿಟ್ಟರೆ ಹಾರುವ ಈ ಪೊರೆಯಲ್ಲಿದೆ.

ಆ ಪೊರೆಯ ಮೇಲೆ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಒಂದು ಸಾಲಿದೆ: ರಕ್ಷಿಸಲು ಮತ್ತು ಸೇವೆ ಸಲ್ಲಿಸಲು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆ 1955ರಲ್ಲಿ ಸ್ಪರ್ಧೆ ನಡೆಸಿ ಆರಿಸಿದ ಧ್ಯೇಯವಾಕ್ಯ ಅದು. 1963ರಿಂದ ಗಸ್ತು ಕಾರುಗಳ ಮೇಲೆ ಬಂತು. ಅದೇ ಇಲಾಖೆಯವರು 1991ರ ಮಾರ್ಚಿನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪುವರ್ಣೀಯನನ್ನು ರಸ್ತೆಯಲ್ಲಿ ಕೆಡವಿ ಲಾಠಿಯಿಂದ ಹೊಡೆದರು. ಯಾರೋ ಮನೆಯ ಬಾಲ್ಕನಿಯಿಂದ ವಿಡಿಯೋ ಮಾಡಿದ್ದರಿಂದ ಜಗತ್ತಿಗೆ ಗೊತ್ತಾಯಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಆ ಪೊಲೀಸರು ಬಿಡುಗಡೆಯಾದಾಗ ನಗರ ಹೊತ್ತಿ ಉರಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಈ ಸಾಲನ್ನು ಬಾಗಿಲಿಗೆ ಅಂಟಿಸುವಾಗ ನನ್ನ ಕೈ ಒಂದಿಷ್ಟು ತಡೆಯಿತು. ಅಂಟಿಸದೆ ಬಿಟ್ಟರೆ ಮಾದರಿ ಸುಳ್ಳಾಗುತ್ತದೆ. ಅಂಟಿಸಿದರೆ ಮಾತು ನಿಜವೆಂದು ನಾನೂ ಸಹಿ ಹಾಕಿದಂತೆ ಕಾಣುತ್ತದೆ. ಕೊನೆಗೆ ಅಂಟಿಸಿದೆ. ಡೆಕಾಲಿಗೊಂದು ಗುಣವಿದೆ: ಕೆಳಗಿನ ನೆಲ ಒರಟಾಗಿದ್ದರೆ ನಡುವೆ ಗಾಳಿ ಸಿಕ್ಕಿಕೊಂಡು, ಅಕ್ಷರಗಳ ಸುತ್ತ ಬೆಳ್ಳಿಯ ಛಾಯೆ ಮೂಡಿ, ಇದು ಮೇಲಿಂದ ಅಂಟಿಸಿದ್ದೆಂದು ದೂರದಿಂದಲೇ ಸಾರುತ್ತದೆ. ಮೊದಲು ನೆಲ ನುಣುಪಾಗಬೇಕು, ಮಾತು ಆಮೇಲೆ. ಇಲಾಖೆಗಳಿಗೂ ಇದೇ ಕ್ರಮ ಒಳ್ಳೆಯದೇನೋ.

ಒಳಾಂಗಣ ಮಾಡುವಾಗ ನನಗೆ ಇನ್ನೊಂದು ಹೊಳೆಯಿತು. ಮುಂದಿನ ಸೀಟಿಗೆ ನಾನು ಏನೆಲ್ಲ ಮಾಡಿದೆ! ರೇಡಿಯೋದ ಗುಂಡಿಗಳಿಗೆ ಬಿಳಿ ಚುಕ್ಕೆ, ಮೈಕಿನ ಸುರುಳಿ ವೈರಿಗೆ ಸಣ್ಣ ತಾಮ್ರದ ತಂತಿ, ಡ್ಯಾಶ್‌ಬೋರ್ಡಿನ ಮೇಲೊಂದು ಕಾಫಿ ಲೋಟ. ಕಟ್ಟುವವನು ಕಟ್ಟುವಷ್ಟು ಹೊತ್ತೂ ಮನಸ್ಸಿನಲ್ಲಿ ಚಾಲಕನ ಜಾಗದಲ್ಲೇ ಕೂತಿರುತ್ತಾನೆ. ಜಾಲರಿಯ ಹಿಂದಿನ ಸೀಟಿಗೆ ಕುಂಚ ಹೋದಾಗ ಅಲ್ಲಿ ಮಾಡಲು ಹೆಚ್ಚೇನೂ ಇರಲಿಲ್ಲ. ನಿಜವಾದ ಗಾಡಿಯಲ್ಲೂ ಅಷ್ಟೇ: ಎಷ್ಟೋ ಕಡೆ ತೊಳೆಯಲು ಸುಲಭವಾಗಲೆಂದು ಅಚ್ಚೊತ್ತಿದ ಪ್ಲಾಸ್ಟಿಕ್ ಬೆಂಚು, ಒಳಗಿನಿಂದ ತೆರೆಯಲಾಗದ ಬಾಗಿಲು. ಕಾಲು ಚಾಚಲೂ ಜಾಗ ಸಾಲದು. ಒಂದೇ ಕಾರಿನಲ್ಲಿ ಒಂದು ಜಾಲರಿಯ ಅಂತರದಲ್ಲಿ ಎರಡು ದೇಶಗಳಿವೆ. ಜಾಲರಿಯನ್ನು ಮುಂದಿನಿಂದ ನೋಡಿದರೆ ರಕ್ಷಣೆ, ಹಿಂದಿನಿಂದ ನೋಡಿದರೆ ಬಂಧನ, ಪ್ಲಾಸ್ಟಿಕ್ ಒಂದೇ.

ಕಾರು ಮುಗಿಯಿತು. ಗಾಜಿನ ಕಪಾಟಿನಲ್ಲಿ ಇಟ್ಟದ್ದೂ ಆಯಿತು. ನೆಂಟರ ಹುಡುಗನೊಬ್ಬ “ಓಡುತ್ತಾ ಅಂಕಲ್?” ಎಂದು ಕೇಳಿ, ಇಲ್ಲವೆಂದಾಗ ಮುಖ ಸಣ್ಣದು ಮಾಡಿದ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಎಂಬುದನ್ನು ನೆನೆದು, ಅವನು ಹೊರಡುವವರೆಗೆ ನಾನು ಕಪಾಟಿಗೆ ಒರಗಿಯೇ ನಿಂತಿದ್ದೆ. ಅವನಿಗೆ ಹೇಳಬಹುದಾಗಿತ್ತು: ರೇಸ್ ಕಾರಿನ ಮಾದರಿ ಕಪಾಟಿನಲ್ಲಿ ನಿಂತರೆ ಅದು ಸುಳ್ಳು. ಗಸ್ತು ಕಾರು ನಿಂತರೆ ಅದೇ ನಿಜ. ಅದರ ಆಯುಷ್ಯದ ಬಹುಪಾಲು ಕಳೆಯುವುದು ಎಂಜಿನ್ ಚಾಲೂ ಇಟ್ಟು ಯಾವುದೋ ಮೂಲೆಯಲ್ಲಿ ನಿಂತೇ. ಒಂದು ತಾಸು ಹೀಗೆ ನಿಂತರೆ ಎಂಜಿನ್ನಿನ ಸವೆತ ಸುಮಾರು 33 ಮೈಲಿ ಓಡಿದ್ದಕ್ಕೆ ಸಮ ಎಂಬುದು ಫೋರ್ಡ್‌ನವರೇ ಹಾಕಿದ ಲೆಕ್ಕ.

ಹೊಯ್ಸಳ ಎಂಬ ನಮ್ಮ ಬೆಂಗಳೂರಿನ ಗಸ್ತು ಗಾಡಿಯೂ ಹಾಗೆಯೇ. ಸರ್ಕಲ್ಲಿನ ಪಕ್ಕ ಮರದ ನೆರಳು ಹುಡುಕಿ ನಿಂತಿರುತ್ತದೆ. ಅದರ ಕಿಟ್ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಆದ್ದರಿಂದ ಮುಂದಿನ ಯೋಜನೆ ಅದೇ. ಒಂದು ಸಾಧಾರಣ ಕಾರಿನ ಕಿಟ್ ಹಿಡಿದು, ಡೆಕಾಲ್ ನಾನೇ ಮುದ್ರಿಸಬೇಕು. ಮನೆಯ ಪ್ರಿಂಟರಿಗೆ ಬಿಳಿ ಶಾಯಿ ಇರುವುದಿಲ್ಲ, ಬಿಳಿ ಅಕ್ಷರ ಬೇಕಾದರೆ ಬಿಳಿ ಡೆಕಾಲ್ ಕಾಗದದ ಮೇಲೆ ಅಕ್ಷರ ಬಿಟ್ಟು ಸುತ್ತಲೂ ಬಣ್ಣ ಮುದ್ರಿಸಬೇಕು. ತುರ್ತು ಕರೆಯ 112 ಸುಲಭ. ಕನ್ನಡದ ಒತ್ತಕ್ಷರಗಳು ಈ ಅಳತೆಯಲ್ಲಿ ಕಲಸಿಹೋಗುತ್ತವೆ; ಅದಕ್ಕೂ ಉಪಾಯ ಸಿಕ್ಕೀತು. ಈ ಸಲ ಹಿಂದಿನ ಸೀಟಿನಿಂದಲೇ ಶುರುಮಾಡಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ಹೊರಗಿನದನ್ನೆಲ್ಲ ಫುಟ್‌ಪಾತಿನಲ್ಲಿ ನಿಂತು ನೋಡಬಹುದು; ಹಿಂದಿನ ಸೀಟಿನ ಅಳತೆ ತೆಗೆಯಬೇಕಾದರೆ ಒಳಗೆ ಹೋಗಿ ಕೂರಬೇಕು. ಅಲ್ಲಿಗೆ ಕರೆಸಿಕೊಳ್ಳಲು ಮನುಷ್ಯ ಮಾಡಬೇಕಾದ ಕೆಲಸಗಳ ಪಟ್ಟಿ ಅಪರಾಧ ಕಾನೂನಿನಲ್ಲಿ ವಿವರವಾಗಿಯೇ ಇದೆ. ಹವ್ಯಾಸ ನನ್ನನ್ನು ಅಷ್ಟು ದೂರ ಇನ್ನೂ ಕರೆದೊಯ್ದಿಲ್ಲ.