ನೆಲಕ್ಕೆ ಮರಳಿದವನ ನಡೆ



ನಿಂತ ನೆಲ ಅಲುಗದು ಎಂಬ ನಂಬಿಗೆಯ ಮೇಲೆ ನಮ್ಮ ದಿನನಿತ್ಯದ ಬದುಕೆಲ್ಲ ಸಾಗುತ್ತದೆ. ತಲೆಯ ಮೇಲೆ ಕೊಡ ಹೊತ್ತು ಬರುವ ತಾಯಿಯಾಗಲಿ, ಬದುವಿನ ಮೇಲೆ ನಡೆದು ಹೊಲ ಸೇರುವ ಒಕ್ಕಲಿಗನಾಗಲಿ ಆ ನೆಲವನ್ನು ಕುರಿತು ಚಿಂತಿಸುವುದೇ ಇಲ್ಲ. ಆದರೆ ತಿಂಗಳುಗಟ್ಟಲೆ ಕಡಲಿನ ಮೇಲಿದ್ದು ಮನೆಗೆ ಮರಳಿದವನಿಗೆ ಈ ನಂಬಿಗೆ ಕೆಲವು ದಿನಗಳ ಮಟ್ಟಿಗೆ ಸಡಿಲವಾಗುತ್ತದೆ. ಹಡಗು ಹತ್ತಿದವರಿಗೆ ಓಕರಿಕೆ ಬರುವುದನ್ನು ಎಲ್ಲರೂ ಕೇಳಿದ್ದೀರಿ. ಹಡಗಿನಿಂದ ಇಳಿದವನಿಗೆ ಮನೆಯ ನೆಲವೇ ತೂಗುತ್ತದೆಂಬುದನ್ನು ಕೇಳಿದವರು ವಿರಳ. ಕೇಳದೆ ಇದ್ದುದರಿಂದಲೇ ಒಂದು ಮನೆತನ ವೃಥಾ ಸಂಕಟಪಟ್ಟುದನ್ನು ನಾವು ಕಂಡೆವು. ಈ ಲೇಖನಕ್ಕೆ ಅದೇ ಕಾರಣ.

ನೇಸರಗಿಗೂ ಸಮುದ್ರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ದಾರಿಯ ಮೇಲಿರುವ ಈ ಊರಿಗೂ ಕಡಲಿಗೂ ನಡುವೆ ಸಹ್ಯಾದ್ರಿಯೇ ಅಡ್ಡ ನಿಂತಿದೆ. ನಮ್ಮ ಹಿರಿಯರ ಪಾಲಿಗೆ ನವಿಲುತೀರ್ಥದ ಅಣೆಕಟ್ಟಿನ ಹಿಂದೆ ನಿಂತ ಮಲಪ್ರಭೆಯ ನೀರೇ ಸಾಗರವಾಗಿತ್ತು. ಅದಕ್ಕೆ ರೇಣುಕಾಸಾಗರವೆಂದೇ ಹೆಸರು. ಆದರೆ ಸೈನ್ಯಕ್ಕೆ ಮಕ್ಕಳನ್ನು ಕೊಡುವುದು ಬೆಳಗಾವಿ ಸೀಮೆಯ ಹಳೆಯ ರೂಢಿ. ಆ ದಾರಿ ಹಿಡಿದ ತರುಣರಲ್ಲಿ ಕೆಲವರು ಈಗ ನೌಕಾಪಡೆಗೂ ವ್ಯಾಪಾರಿ ಹಡಗುಗಳಿಗೂ ಸೇರುತ್ತಿದ್ದಾರೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ಆಡಿ ಬೆಳೆದ ಕಾಲುಗಳು ಉಕ್ಕಿನ ಅಟ್ಟದ ಮೇಲೆ ಆರೆಂಟು ತಿಂಗಳು ನಿಂತು ಮತ್ತೆ ಎರೆಮಣ್ಣಿಗೆ ಬರುತ್ತವೆ.

ಅಂತಹ ಒಬ್ಬ ತರುಣ ನಮ್ಮ ಪ್ರಸಾದ ನಿಲಯದಲ್ಲಿದ್ದು ಓದಿದವನು. ಸರಕು ಹಡಗಿನಲ್ಲಿ ಎಂಟು ತಿಂಗಳು ದುಡಿದು ಒಂದು ಮುಂಗಾರಿನ ಆರಂಭದಲ್ಲಿ ಊರಿಗೆ ಬಂದ. ಬಂದ ಮರುದಿನದಿಂದ ಅವನ ನಡಿಗೆ ಮನೆಯವರಿಗೆ ವಿಚಿತ್ರವಾಗಿ ಕಂಡಿತು. ಕಾಲುಗಳನ್ನು ಅಗಲಿಸಿ ಹೆಜ್ಜೆಯಿಡುವನು. ಬಚ್ಚಲಲ್ಲಿ ಕಣ್ಣು ಮುಚ್ಚಿ ನೀರು ಹೊಯ್ದುಕೊಳ್ಳುವಾಗ ಗೋಡೆ ಹಿಡಿಯುವನು. ರಾತ್ರಿ ಮಲಗಿದರೆ ಹಾಸಿಗೆ ತೇಲುತ್ತದೆನ್ನುವನು. ಅಗಸಿಯ ಕಟ್ಟೆಯ ಮೇಲೆ ಕುಳಿತವರು ಕುಡಿತವೆಂದು ತೀರ್ಮಾನಿಸಿದರು. ಅಜ್ಜಿ ದೃಷ್ಟಿ ತಾಗಿದೆಯೆಂದು ನಿವಾಳಿಸಿದಳು. ಆಗ ಅವನಿಗೊಂದು ಕನ್ಯೆ ನೋಡಿದ್ದರು. ಆ ಬೀಗರ ಕಡೆಯಿಂದ ಬರಬೇಕಾದ ಮಾತು ಬರದೆ ನಿಂತಿತು. ಐದನೆಯ ದಿನ ತಂದೆ ಮಗನನ್ನು ಕರೆದುಕೊಂಡು ಮಠಕ್ಕೆ ಬಂದರು.

“ಅಜ್ಜಾರ, ನನ್ನ ಮಗಾ ಕುಡದಿಲ್ರೀ. ಮನಿ ನೆಲಾನ ತೂಗತೈತಿ ಅಂತಾನ. ಇದನ್ನ ಯಾರ ಮುಂದ ಹೇಳೂದ್ರೀ?” ಎಂದು ಆ ಹಿರಿಯರು ತಲೆ ತಗ್ಗಿಸಿದರು.

ತರುಣನನ್ನು ನಾವು ಕೇಳಿದೆವು: “ತಮ್ಮಾ, ಮೋಟಾರು ಸೈಕಲ್ ಮ್ಯಾಲೆ ಕುಂತಾಗ ಹ್ಯಾಂಗ ಅನಿಸ್ತದ?”

ಅವನು ಬೆರಗಾಗಿ ನೋಡಿದ. “ಆವಾಗ ಏನೂ ಆಗೂದಿಲ್ರೀ ಅಜ್ಜಾರ. ಬಸ್ಸಿನ್ಯಾಗೂ ಆರಾಮ ಇರತೈತಿ. ಇಳದು ನಿಂತ್ರ ಮತ್ತ ಸುರು ಆಗತೈತಿ.”

ಈ ಪ್ರಶ್ನೆಯನ್ನು ಕೇಳಲು ನಮ್ಮ ಸ್ವಾನುಭವವೇ ಕಾರಣ. ಅದಕ್ಕೂ ಕೆಲವು ವರ್ಷಗಳ ಮೊದಲು ಭಕ್ತರೊಡನೆ ಚೆನ್ನೈಯಿಂದ ಅಂಡಮಾನಕ್ಕೆ ಹಡಗಿನಲ್ಲಿ ಹೋಗಿದ್ದೆವು. ೨೦೨೪ರಿಂದ ಶ್ರೀವಿಜಯಪುರವೆನಿಸಿಕೊಂಡಿರುವ ಪೋರ್ಟ್ ಬ್ಲೇರ್ ಸೇರಲು ಸುಮಾರು ಮೂರು ದಿನಗಳ ಕಡಲ ದಾರಿ. ಮೊದಲ ದಿನ ಕಾಡಿದ ತಲೆಸುತ್ತು ಎರಡನೆಯ ದಿನ ಇಳಿಯಿತು. ಮೂರನೆಯ ದಿನ ಹಡಗು ತೂಗುತ್ತಿದೆಯೆಂಬುದೇ ಮರೆತುಹೋಯಿತು. ದಡಕ್ಕಿಳಿದ ಮರುದಿನ ಪ್ರಾತಃಕಾಲ ವಸತಿಗೃಹದ ಗಟ್ಟಿ ನೆಲದ ಮೇಲೆ ಪೂಜೆಗೆ ಕುಳಿತೆವು. ಎಡಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನಿಲ್ಲಿಸಿದರೆ ಅಂಗೈ ಮೆಲ್ಲನೆ ಏರಿಳಿಯುವಂತೆ ಭಾಸವಾಯಿತು. ಕಣ್ಣು ಮುಚ್ಚಿದೊಡನೆ ಆ ತೂಗು ಇಮ್ಮಡಿಯಾಯಿತು. ತೆರೆದು ಲಿಂಗವನ್ನೇ ನೋಡುತ್ತ ಕುಳಿತಾಗ ಕಡಿಮೆಯಾಯಿತು. ಎದ್ದು ಬೀದಿಯಲ್ಲಿ ಅಡ್ಡಾಡಿದ ಮೇಲೆ ಇನ್ನಷ್ಟು ಹಗುರವಾಯಿತು. ಮರುದಿನ ಅದರ ಸುಳಿವೇ ಇರಲಿಲ್ಲ. ಊರಿಗೆ ಮರಳಿದ ಮೇಲೆ ಬಲ್ಲ ವೈದ್ಯರೊಬ್ಬರನ್ನು ಈ ವಿಷಯವಾಗಿ ವಿಚಾರಿಸಿ, ದೊರೆತುದನ್ನು ಓದಿ ತಿಳಿದುಕೊಂಡಿದ್ದೆವು. ಅದರ ಸಾರವನ್ನು ನಿಮ್ಮ ಮುಂದಿಡುತ್ತೇವೆ.

ನಾವು ಬೀಳದೆ ನಿಲ್ಲುವುದು ಮೂರು ಸಾಕ್ಷಿಗಳ ಬಲದಿಂದ. ಮೊದಲನೆಯದು ಕಣ್ಣು. ಎರಡನೆಯದು ಅಂಗಾಲು, ಕೀಲು, ಕುತ್ತಿಗೆಗಳ ಸ್ನಾಯುಗಳು ಕಳುಹಿಸುವ ಸುದ್ದಿ. ಮೂರನೆಯದು ಒಳಗಿವಿ. ಅಲ್ಲಿ ಅರ್ಧವೃತ್ತಾಕಾರದ ಮೂರು ಸಣ್ಣ ನಾಳಗಳಿವೆ. ಅವುಗಳೊಳಗಿನ ದ್ರವ ತಲೆ ತಿರುಗಿದ್ದನ್ನು ತಿಳಿಸುತ್ತದೆ. ಪಕ್ಕದಲ್ಲಿ ಎರಡು ಚಿಕ್ಕ ಚೀಲಗಳಿವೆ. ಅವುಗಳಲ್ಲಿರುವ ಸುಣ್ಣದಂಶದ ಸೂಕ್ಷ್ಮ ಹರಳುಗಳು ಮೇಲು ಕೆಳಗು, ಹಿಂದು ಮುಂದುಗಳನ್ನು ತಿಳಿಸುತ್ತವೆ. ಈ ಮೂವರ ಸಾಕ್ಷ್ಯವನ್ನು ಮಿದುಳು, ವಿಶೇಷವಾಗಿ ಕಿರುಮಿದುಳು, ಕ್ಷಣಕ್ಷಣಕ್ಕೂ ತೂಗಿ ನೋಡಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಕಂಬದಂತೆ ನಿಂತಿದ್ದೇನೆಂದು ತಿಳಿದವನ ಶರೀರವೂ ಸೂಕ್ಷ್ಮವಾಗಿ ಓಲಾಡುತ್ತಲೇ ಇರುತ್ತದೆ. ಕೊಂಚ ವಾಲುವುದು, ತಿದ್ದಿಕೊಳ್ಳುವುದು, ಮತ್ತೆ ವಾಲುವುದು, ಮತ್ತೆ ತಿದ್ದಿಕೊಳ್ಳುವುದು: ನಾವು ನಿಲ್ಲುವುದೆಂದು ಕರೆಯುವುದು ಈ ಎಡೆಬಿಡದ ದುಡಿಮೆಯನ್ನೇ.

ಹಡಗಿನಲ್ಲಿ ಈ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಕೋಣೆಯೊಳಗಿದ್ದವನ ಕಣ್ಣು ‘ಏನೂ ಅಲುಗುತ್ತಿಲ್ಲ’ವೆನ್ನುತ್ತದೆ, ಕಿವಿ ‘ಅಲುಗುತ್ತಿದೆ’ಯೆನ್ನುತ್ತದೆ. ಸಾಕ್ಷಿಗಳ ಈ ಜಗಳವೇ ಓಕರಿಕೆಗೆ ಮೂಲ. ಕೆಲವು ದಿನಗಳಲ್ಲಿ ಮಿದುಳು ಅಲೆಯ ಲಯವನ್ನು ಕಲಿಯುತ್ತದೆ. ಮುಂದಿನ ಏರಿಳಿತ ಬರುವ ಮುನ್ನವೇ ದೇಹವನ್ನು ಅದಕ್ಕೆ ಸಿದ್ಧಗೊಳಿಸುತ್ತದೆ. ಕಾಲುಗಳು ತಾವಾಗಿ ಅಗಲಗೊಳ್ಳುತ್ತವೆ. ಕಡಲಿನಲ್ಲಿ ಇದು ನಾವಿಕನನ್ನು ಕಾಯುವ ವಿದ್ಯೆ. ಆದರೆ ದಡಕ್ಕಿಳಿದ ದಿನವೇ ಮಿದುಳು ಆ ವಿದ್ಯೆಯನ್ನು ಬಿಟ್ಟುಕೊಡುವುದಿಲ್ಲ. ಇಲ್ಲದ ಅಲೆಯನ್ನು ನಿರೀಕ್ಷಿಸಿ ಅದಕ್ಕೆ ಉತ್ತರ ಕೊಡುತ್ತಲೇ ಇರುತ್ತದೆ. ಬಸ್ಸಿನಲ್ಲಿ ಕುಳಿತಾಗ ನಿಜವಾದ ಚಲನೆ ದೊರೆಯುವುದರಿಂದ ಆರಾಮವೆನಿಸುತ್ತದೆ. ಹಾಸಿಗೆಯಲ್ಲಿ ಸುಮ್ಮನೆ ಮಲಗಿದಾಗ ಕಲಿತ ತೂಗೊಂದೇ ಉಳಿದು ಎದ್ದು ಕಾಣುತ್ತದೆ. ಬಸ್ಸಿನಲ್ಲಿ ಶಮನ, ನಿಂತಾಗ ಮರುಕಳಿಕೆ: ಈ ತೊಂದರೆಯನ್ನು ಬೇರೆ ತಲೆಸುತ್ತುಗಳಿಂದ ಬೇರ್ಪಡಿಸುವ ಮುಖ್ಯ ಗುರುತು ಇದೇ.

ನಮ್ಮ ಸೀಮೆಯವರಿಗೆ ಇದು ಪೂರ್ಣ ಅಪರಿಚಿತವೇನಲ್ಲ. ಪಂಚಮಿಯ ಹಬ್ಬದಲ್ಲಿ ಜೋಕಾಲಿ ಜೀಕಿ ಇಳಿದ ಹೆಣ್ಣುಮಕ್ಕಳು ನಾಲ್ಕು ಹೆಜ್ಜೆ ತೂರಾಡಿ ನಗುವುದನ್ನು ನೀವೆಲ್ಲ ಕಂಡಿದ್ದೀರಿ. ಚಕ್ಕಡಿ ಹೂಡಿಕೊಂಡು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಹಿರಿಯರು, ರಾತ್ರಿ ಮಲಗಿದಾಗಲೂ ಚಕ್ಕಡಿ ಸಾಗುತ್ತಿರುವಂತೆಯೇ ಅನಿಸುತ್ತಿತ್ತೆಂದು ಹೇಳುತ್ತಿದ್ದರು. ಜೋಕಾಲಿಯದು ಗಳಿಗೆಯ ಮಾತು, ಚಕ್ಕಡಿಯದು ಒಂದು ರಾತ್ರಿಯದು, ಹಡಗಿನದು ಕೆಲವು ದಿನಗಳದು.

ಪಾಶ್ಚಾತ್ಯರು ಇದನ್ನು ಫ್ರೆಂಚ್ ಭಾಷೆಯಲ್ಲಿ ‘ಹಡಗಿನಿಂದ ಇಳಿದುದರ ಬೇನೆ’ ಎಂಬರ್ಥ ಬರುವಂತೆ ‘ಮಾಲ್ ದ ದೆಬಾರ್ಕ್‌ಮಾಂ’ ಎಂದು ಕರೆದಿದ್ದಾರೆ. ಬಹು ಜನರಲ್ಲಿ ಇದು ಎರಡು ದಿನಗಳೊಳಗೆ ಅಡಗುತ್ತದೆ. ಕೆಲವರಲ್ಲಿ ವಾರಗಳವರೆಗೆ ಇರುತ್ತದೆ. ಅಪರೂಪಕ್ಕೆ ತಿಂಗಳುಗಳು, ವರ್ಷಗಳೂ ಕಾಡುವುದುಂಟು. ಹಾಗೆ ದೀರ್ಘವಾಗಿ ಬಾಧೆಪಟ್ಟವರಲ್ಲಿ ನಡುವಯಸ್ಸಿನ ಸ್ತ್ರೀಯರೇ ಹೆಚ್ಚು. ೧೯೮೭ರಲ್ಲಿ ವೈದ್ಯರು ಇಂತಹ ದೀರ್ಘ ಬಾಧೆಯನ್ನು ವಿವರವಾಗಿ ವರ್ಣಿಸಿದರು. ೨೦೧೪ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ವೈದ್ಯಕೀಯ ಸಂಸ್ಥೆಯವರು ೨೪ ರೋಗಿಗಳ ಮೇಲೆ ನಡೆಸಿದ ಚಿಕಿತ್ಸೆಯ ಫಲವನ್ನು ಪ್ರಕಟಿಸಿದರು. ಚಲಿಸುವ ಪಟ್ಟೆಗಳನ್ನು ನೋಡುತ್ತ, ತಮ್ಮೊಳಗಿನ ತೂಗಿನ ಲಯಕ್ಕೆ ಸರಿಯಾಗಿ ತಲೆಯನ್ನು ಎಡಬಲಕ್ಕೆ ವಾಲಿಸುವುದೇ ಆ ಚಿಕಿತ್ಸೆ. ಅವರಲ್ಲಿ ಶೇಕಡಾ ೭೦ರಷ್ಟು ಜನರಿಗೆ ಗುಣ ಕಂಡಿತು. ಕಲಿತುದನ್ನು ಬಿಡಿಸಲು ಮತ್ತೊಂದನ್ನು ಕಲಿಸಬೇಕೆಂಬ ತತ್ತ್ವ ಇದರಲ್ಲಿ ಅಡಗಿದೆ.

ಕಡಲಿಗಿಂತಲೂ ದೂರ ಹೋಗಿಬಂದವರ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಭಾರತೀಯ ವಾಯುಪಡೆಯ ಶುಭಾಂಶು ಶುಕ್ಲಾ ಅವರು ೨೦೨೫ರ ಜೂನ್ ೨೫ರಂದು ಅಂತರಿಕ್ಷಕ್ಕೆ ತೆರಳಿ, ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ೧೮ ದಿನಗಳಿದ್ದು, ಜುಲೈ ೧೫ರಂದು ಕ್ಯಾಲಿಫೋರ್ನಿಯಾದ ಬಳಿ ಶಾಂತಸಾಗರದಲ್ಲಿ ಇಳಿದರು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಹೆಸರು ಕಾಳು ಮೆಂತ್ಯೆಗಳನ್ನು ಅವರು ಅಲ್ಲಿ ಮೊಳಕೆ ಬರಿಸಿದುದು ಈ ನಾಡಿಗೆ ಹೆಮ್ಮೆಯ ಸಂಗತಿ. ತೂಕವೇ ಇಲ್ಲದ ಲೋಕದಿಂದ ಬಂದ ಅವರು ಮೊದಲಿಗೆ ಇತರರ ಆಸರೆಯಿಂದ ಹೆಜ್ಜೆಯಿಟ್ಟರು. ಹಾಸಿಗೆಯ ಮೇಲೆ ಕುಳಿತು ಕೆಲಸ ಮಾಡುತ್ತಿದ್ದವರು ಲ್ಯಾಪ್‌ಟಾಪನ್ನು ಮುಚ್ಚಿ, ಅದು ತೇಲುತ್ತ ನಿಲ್ಲುವುದೆಂಬ ರೂಢಿಯಿಂದ ಪಕ್ಕಕ್ಕೆ ಬಿಟ್ಟರಂತೆ. ಅದು ನೆಲಕ್ಕೆ ಬಿತ್ತು. ಇದನ್ನು ಅವರೇ ನಗುತ್ತ ಹೇಳಿಕೊಂಡರು. ದೇಶವೆಲ್ಲ ಅಭಿಮಾನದಿಂದ ಕೇಳಿತು. ಅಂತರಿಕ್ಷಯಾತ್ರಿ ತೂರಾಡಿದರೆ ಅದು ಸಾಹಸದ ಗುರುತು, ನೇಸರಗಿಯ ನಾವಿಕ ತೂರಾಡಿದರೆ ಅದು ಕುಡಿತ! ಎರಡೂ ಕಡೆ ದೇಹ ಮಾಡುತ್ತಿರುವುದು ಒಂದೇ ಕೆಲಸವೆಂಬುದನ್ನು ನಾವು ಗಮನಿಸಬೇಕು.

ತರುಣನನ್ನು ಬೆಳಗಾವಿಯ ಕಿವಿರೋಗ ತಜ್ಞರಲ್ಲಿಗೆ ಕಳುಹಿಸಿದೆವು. ಅವರು ಕಿವಿ, ಕಣ್ಣು, ನರಗಳನ್ನೆಲ್ಲ ಪರೀಕ್ಷಿಸಿ ರೋಗವೇನೂ ಇಲ್ಲವೆಂದರು. ಕತ್ತಲೆ ಕೋಣೆಯಲ್ಲಿ ಮಲಗಬೇಡ, ಗುಳಿಗೆಗಳನ್ನು ನೆಚ್ಚಬೇಡ, ಚೆನ್ನಾಗಿ ನಿದ್ರಿಸು, ಹಗಲೆಲ್ಲ ನಡೆದಾಡು, ದೂರದ ದಿಗಂತವನ್ನು ನೋಡು ಎಂದು ಹೇಳಿದರು. ಆಗ ಮೃಗಶಿರಾ ಮಳೆ ಬಿದ್ದು ಸೋಯಾ ಬಿತ್ತನೆ ಆರಂಭವಾಗಿತ್ತು. ಅವನು ಬರಿಗಾಲಿನಲ್ಲಿ ಕೂರಿಗೆಯ ಹಿಂದೆ ನಡೆಯತೊಡಗಿದ. ಮೆತ್ತನೆಯ ಎರೆಮಣ್ಣಿನಲ್ಲಿ ಪ್ರತಿ ಹೆಜ್ಜೆಗೂ ಅಂಗಾಲು ಹೊಸದಾಗಿ ಲೆಕ್ಕ ಹಾಕಬೇಕು. ಕೂರಿಗೆಯ ಸಾಲು ಸೊಟ್ಟಗಾಗದಂತೆ ಕಣ್ಣು ಹೊಲದ ಆಚೆಯ ತುದಿಯನ್ನು ಹಿಡಿದಿರಬೇಕು. ವೈದ್ಯರು ಹೇಳಿದ ವ್ಯಾಯಾಮವೆಲ್ಲ ಒಕ್ಕಲುತನದಲ್ಲಿಯೇ ಇತ್ತು. ಬಿತ್ತನೆ ಮುಗಿಯುವ ಹೊತ್ತಿಗೆ ತೂಗು ನಿಂತಿತ್ತು. ಬೀಗರ ಮನೆಗೆ ವಿಷಯವನ್ನು ತಿಳಿಸಿ ಹೇಳುವ ಹೊಣೆಯನ್ನು ನಾವೇ ಹೊತ್ತೆವು. ಅವರು ಸಾತ್ವಿಕರು, ಕೇಳಿ ತಿಳಿದುಕೊಂಡರು. ದೀಪಾವಳಿಯಾದ ಮೇಲೆ ಮದುವೆ ನಡೆಯಿತು. ಆತ ಮತ್ತೆ ಹಡಗಿಗೆ ಹೋಗಿದ್ದಾನೆ. ಮರಳಿದಾಗ ಮತ್ತೆ ಕೆಲವು ದಿನ ತೂಗುತ್ತದೆ. ಆದರೆ ಈಗ ಮನೆಯವರು ಹೆದರುವುದಿಲ್ಲ.

ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. ಪ್ರವಾಸದಿಂದ ಬಂದವರ ತಲೆಸುತ್ತೆಲ್ಲ ಕಡಲಿನದೇ ಎಂದು ತಿಳಿದು ಸುಮ್ಮನಿರಬಾರದು. ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ, ಒಂದು ವಸ್ತು ಎರಡಾಗಿ ಕಂಡರೆ, ಹಠಾತ್ತಾಗಿ ಕಿವಿ ಕೇಳಿಸದಾದರೆ, ತೀವ್ರ ತಲೆನೋವು ಬಂದರೆ ಅದು ಬೇರೆ ರೋಗ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬರಿಯ ತೂಗು ಕೂಡ ತಿಂಗಳು ಕಳೆದರೂ ನಿಲ್ಲದಿದ್ದರೆ ತಜ್ಞರಿಗೆ ತೋರಿಸಬೇಕು. ತೂಗು ನಿಲ್ಲುವ ತನಕ ಏಣಿ ಹತ್ತುವುದು, ವಾಹನ ನಡೆಸುವುದು, ಬಾವಿಯ ದಂಡೆಯ ಮೇಲೆ ನಿಲ್ಲುವುದು ಬೇಡ.

ದೂರದೂರಗಳಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೂ, ಅವರನ್ನು ಕಾಯುತ್ತಿರುವ ತಂದೆ ತಾಯಿಗಳಿಗೂ ನಾವು ಹೇಳಬೇಕಾದುದು ಇಷ್ಟು. ಹೊರಗೆ ಹೋದ ಮಗ ಅಲ್ಲಿ ಬದುಕಲು ಬೇಕಾದುದನ್ನು ದೇಹಕ್ಕೂ ಮನಸ್ಸಿಗೂ ಕಲಿಸಿಕೊಂಡಿರುತ್ತಾನೆ. ಊರಿನ ಬಸ್ಸಿನಿಂದ ಇಳಿದ ಗಳಿಗೆಯಲ್ಲಿಯೇ ಅದು ಕಳಚಿ ಬೀಳುವುದಿಲ್ಲ. ಗಡಿಯಿಂದ ಬಂದ ಸೈನಿಕ ನಡುರಾತ್ರಿ ಎದ್ದು ಕೂರಬಹುದು. ನಾವಿಕ ಗೋಡೆ ಹಿಡಿದು ನಡೆಯಬಹುದು. ಅವನಿಗೆ ಹೆಸರಿಡುವ ಮೊದಲು ಅವನು ಎಲ್ಲಿ ನಿಂತು ಬಂದನೆಂಬುದನ್ನು ಕೇಳಿರಿ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯಿರಿ, ಹೊಲಕ್ಕೆ ಜೊತೆಗೆ ಕರೆದೊಯ್ಯಿರಿ, ಕಟ್ಟೆಯ ಮಾತುಗಳನ್ನು ಮನೆಯೊಳಕ್ಕೆ ಬಿಟ್ಟುಕೊಳ್ಳಬೇಡಿರಿ. ನಮ್ಮ ಊರಿನ ಹೆಸರಿನಲ್ಲಿಯೇ ನೇಸರನಿದ್ದಾನೆ. ಬೆಳಗಿನಲ್ಲಿ ಅವನು ಮೂಡುವ ದಿಕ್ಕಿಗೆ ಮುಖ ಮಾಡಿ ಹೊಲದ ದಾರಿಯಲ್ಲಿ ಒಂದು ಹರದಾರಿ ನಡೆಯುವ ಮಗನ ಜೊತೆಗೆ ಮನೆಯವರೊಬ್ಬರು ನಡೆದರೆ, ಅದಕ್ಕಿಂತ ಹೆಚ್ಚಿನ ಆಸರೆ ಆ ದಿನಗಳಲ್ಲಿ ಅವನಿಗೆ ಬೇಕಾಗಿಲ್ಲ. ಕಡಲಿನ ಮೇಲಿರುವ ನಿಮ್ಮ ಮಕ್ಕಳೆಲ್ಲ ಕ್ಷೇಮವಾಗಿ ದಡ ಸೇರಲಿ, ಮನೆಯ ನೆಲ ಅವರಿಗೆ ಬೇಗ ಸ್ಥಿರವಾಗಲಿ ಎಂದು ಹಾರೈಸುತ್ತೇವೆ.