ಕವಳಿ ಕಪ್ಪಾಗುವ ಕಾಲ

ಶಿರಸಿಯಿಂದ ಕುಮಟೆಗೆ ಹೋಗುವ ಹಾದಿಯು ದೇವಿಮನೆ ಘಟ್ಟದ ದಟ್ಟವಾದ ಕಾಡನ್ನು ಹಾದು ಕರಾವಳಿಗೆ ಇಳಿಯುತ್ತದೆ. ಪ್ರಯಾಣಿಕನ ದೃಷ್ಟಿ ಅಲ್ಲಿನ ಹೆಮ್ಮರಗಳ ಮೇಲೆಯೇ ನೆಡುವುದು ಸಹಜ. ಆದರೆ ವೈಶಾಖ ಮಾಸದಲ್ಲಿ ಈ ಸೀಮೆಯ ನಿಜವಾದ ಔತಣವು ಏರ್ಪಡುವುದು ಮರಗಳ ನೆರಳಿನಲ್ಲಲ್ಲ. ಜಂಬಿಟ್ಟಿಗೆಯ ಬೋಳುಗುಡ್ಡಗಳ ಮೇಲೆ, ಹುಲ್ಲು ಒಣಗಿದ ಬೇಣಗಳ ಅಂಚಿನಲ್ಲಿ, ಬಿಸಿಲನ್ನೇ ಉಂಡು ಬೆಳೆದ ಮುಳ್ಳುಪೊದೆಗಳಲ್ಲಿ. ಅದು ಕವಳಿಹಣ್ಣಿನ ಔತಣ.

ದಕ್ಷಿಣ ಕನ್ನಡದವರು ಇದನ್ನು ಕರಂಡೆ ಎಂದು ಕರೆಯುವರು. ಸಂಸ್ಕೃತದಲ್ಲಿ ಇದು ಕರಮರ್ದ. ಅಮರಕೋಶವು ಇದಕ್ಕೆ ‘ಕೃಷ್ಣಪಾಕಫಲ’ ಎಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಪಕ್ವವಾದಾಗ ಕಪ್ಪಾಗುವ ಹಣ್ಣು ಎಂದು ಅದರ ಅರ್ಥ. ೧೭೬೭ರಲ್ಲಿ ಲಿನೇಯಸನು ಇಟ್ಟ ‘ಕರಿಸ್ಸಾ ಕರಂದಾಸ್’ ಎಂಬ ಶಾಸ್ತ್ರೀಯ ನಾಮದಲ್ಲಿಯೂ ನಮ್ಮ ನಾಡಿನ ಹೆಸರಿನ ದನಿಯೇ ಕೇಳಿಸುತ್ತದೆ.

ಆದರೆ ಕಪ್ಪುಬಣ್ಣವೊಂದನ್ನೇ ನಂಬಿ ಹಣ್ಣಿಗೆ ಕೈಹಾಕುವುದು ಅಪಾಯಕರ. ಕವಳಿಯ ಕುಲದಲ್ಲಿಯೇ ವಿಷದ ಬಂಧುಗಳಿವೆ. ಬೇಲಿಗಳಲ್ಲಿ, ಉದ್ಯಾನಗಳಲ್ಲಿ ಬೆಳೆಸುವ ಹಳದಿ ಕಣಗಿಲೆಯ ಕಾಯಿಯೂ ಬಲಿತಾಗ ಕಪ್ಪಾಗುತ್ತದೆ. ಗಿಡವನ್ನು ಗೀರಿದರೆ ಅದೂ ಹಾಲು ಸುರಿಸುತ್ತದೆ. ಅದರ ಬೀಜವು ಹೃದಯದ ಬಡಿತವನ್ನೇ ನಿಲ್ಲಿಸಬಲ್ಲುದು. ಇವೆರಡರ ಭೇದವನ್ನು ಮಕ್ಕಳಿಗೆ ಮೊದಲು ಕಲಿಸಬೇಕು. ಕವಳಿಗೆ ಚೂಪಾದ, ಗಟ್ಟಿಯಾದ ಮುಳ್ಳುಗಳುಂಟು. ಕೆಲವು ಕವಲೊಡೆದಿರುವುದೂ ಉಂಟು. ಅಗಲವಾದ ದಪ್ಪ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಹೂವು ಮಲ್ಲಿಗೆಯಂತೆ ಬಿಳುಪು, ಕಂಪೂ ಇದೆ. ಗೊಂಚಲಿನ ಸಣ್ಣ ಹಣ್ಣುಗಳೊಳಗೆ ಚಪ್ಪಟೆಯಾದ ಕೆಲವು ಪುಟ್ಟ ಬೀಜಗಳು. ಹಳದಿ ಕಣಗಿಲೆಗೆ ಮುಳ್ಳಿಲ್ಲ. ಎಲೆ ನೀಳವಾಗಿ ಕಿರಿದು, ಹೂವು ಗಂಟೆಯಾಕಾರದ್ದು, ಕಾಯಿಯೊಳಗೆ ಗಟ್ಟಿಯಾದ ಓಟೆ. ಈ ಗುರುತುಗಳೆಲ್ಲ ಕೂಡಿಬಾರದಿದ್ದರೆ, ಊರಿನ ಬಲ್ಲವರನ್ನು ಕೇಳದೆ ಯಾವ ಹಣ್ಣನ್ನೂ ಬಾಯಿಗಿಡಬಾರದು.

ಗುರುತು ಹತ್ತಿದ ಮೇಲೆ ಸವಿಗೆ ಕೊರತೆಯಿಲ್ಲ. ಎಳೆಯ ಕಾಯಿ ಉಪ್ಪಿನಕಾಯಿಗೂ ಗೊಜ್ಜಿಗೂ ಸಲ್ಲುತ್ತದೆ. ಚೆನ್ನಾಗಿ ಕಳಿತ ಹಣ್ಣು ಹುಳಿಸಿಹಿ. ಅರೆಹಣ್ಣಾದರೆ ಅಂಟು ತುಟಿಯನ್ನು ಬಿಡದು. ಪೆಕ್ಟಿನ್ ಹೇರಳವಾಗಿರುವುದರಿಂದ ಸಕ್ಕರೆಯೊಡನೆ ಕುದಿಸಿದ ರಸವು ಸುಲಭವಾಗಿ ಜೆಲ್ಲಿಯಾಗುತ್ತದೆ. ಇದೇ ಕರಾವಳಿಯು ಉತ್ತರಕ್ಕೆ ಸಾಗಿ ಸೇರುವ ಕೊಂಕಣದಲ್ಲಿ ಮಕ್ಕಳು ಹಣ್ಣನ್ನು ಕಚ್ಚುವ ಮುನ್ನ ‘ಹುಂಜವೋ ಹೇಂಟೆಯೋ’ ಎಂದು ಪಂದ್ಯ ಕಟ್ಟುವರು. ಒಳಗೆ ಕೆಂಪಿದ್ದರೆ ಹುಂಜ, ಬಿಳುಪಾದರೆ ಹೇಂಟೆ!

ಪೊದೆಗೆ ಬೇಕಾದುದು ಬಿಸಿಲು ಮತ್ತು ಬಯಲು. ೧೯೮೦ರ ದಶಕದಿಂದೀಚೆಗೆ ಉತ್ತರ ಕನ್ನಡದ ಎಷ್ಟೋ ಗುಡ್ಡಬೇಣಗಳು ‘ಬರಡು ನೆಲ’ ಎನಿಸಿಕೊಂಡು ಅಕೇಶಿಯಾ ತೋಪುಗಳಾದವು. ಆ ನೆರಳಿನಲ್ಲಿ ಕವಳಿ ಸೊರಗುತ್ತದೆ. ಬರಡೆಂದು ಬರೆದುಕೊಂಡವರು ಆ ಗುಡ್ಡವನ್ನು ವೈಶಾಖದಲ್ಲಿ ಒಮ್ಮೆ ಹತ್ತಿ ನೋಡಿದ್ದರೆ ಸಾಕಾಗಿತ್ತು. ಉಳಿದಿರುವ ಬೇಣಗಳಲ್ಲಿ ಇಂದಿಗೂ, ಮುಂಗಾರಿಗೆ ಮುನ್ನ, ಎಲೆಯ ದೊನ್ನೆ ಹಿಡಿದ ಮಕ್ಕಳೂ ಹಕ್ಕಿಗಳೂ ಒಂದೇ ಪೊದೆಯ ಸುತ್ತ ನೆರೆಯುತ್ತಾರೆ.