ಕರಿಯನಿಗಾಗಿ ನಾಲ್ಕೂರಿನ ನೆಲ ನೋಡಿ ಬಂದೆ

ದಾವಣಗೆರೆಯ ನಮ್ಮ ಮನೆಗೆ ಹೊಸ ನೆಲ ಹಾಕಿಸಿದಾಗ ಬಂದವರೆಲ್ಲ “ಕನ್ನಡಿ ಇದ್ದಂಗೈತೆ ಕಣ್ರೀ” ಎಂದು ಹೊಗಳಿದ್ದೇ ಹೊಗಳಿದ್ದು. ಎರಡಡಿ ಚೌಕದ ಬಿಳಿ ವಿಟ್ರಿಫೈಡ್ ಟೈಲ್ಸು. ನೆಲ ನೋಡಿಕೊಂಡೇ ಕುಂಕುಮ ಇಟ್ಟುಕೊಳ್ಳಬಹುದು, ಅಷ್ಟು ಹೊಳಪು! ಹೊಗಳದೇ ಇದ್ದವನು ಒಬ್ಬನೇ, ನಮ್ಮ ಕರಿಯ. ಹನ್ನೊಂದು ವರ್ಷದ ನಾಟಿ ನಾಯಿ. ಹೊಸ ನೆಲ ಬಂದ ದಿನದಿಂದ ಅವನು ನಡುಮನೆ ಬಿಟ್ಟು ಗೋಡೆಯ ಅಂಚು ಹಿಡಿದೇ ನಡೆಯತೊಡಗಿದ. ನಮಗೆ ಅದು ತಮಾಷೆಯಾಗಿ ಕಂಡಿತು.

ಮಳೆಗಾಲದ ಒಂದು ಬೆಳಗ್ಗೆ ಹಾಲಿನವನ ಸದ್ದು ಕೇಳಿ ಓಡಿದವನು ಹಿಂಗಾಲು ಎರಡೂ ಅಗಲವಾಗಿ ಚಾಚಿ ಬಿದ್ದ. ಎರಡು ದಿನ ಏಳಲೇ ಇಲ್ಲ. ಪಶುವೈದ್ಯರು ನೋಡಿ, “ಮೂಳೆ ಮುರಿದಿಲ್ಲ. ಆದರೆ ವಯಸ್ಸಾದ ನಾಯಿಗೆ ಇಂಥ ನೆಲ ಆಗೋದಿಲ್ಲಮ್ಮ. ಔಷಧಿ ನಾನು ಕೊಡ್ತೀನಿ, ನೆಲ ನೀವು ನೋಡ್ಕೊಳ್ಳಿ” ಎಂದರು. ಅದೇ ತಿಂಗಳು, ಅವನ ನೀರಿನ ಬಟ್ಟಲಿನಿಂದ ಚೆಲ್ಲಿದ ನೀರಿನ ಮೇಲೆ ಕಾಲಿಟ್ಟು ನಮ್ಮ ಅತ್ತೆಯವರೂ ಜಾರಿದರು. ಪುಣ್ಯಕ್ಕೆ ಮಣಿಕಟ್ಟು ಉಳುಕಿತು, ಅಷ್ಟೇ. ಆಗ ನಮ್ಮ ಯಜಮಾನರು, “ಏನು ಮಾಡ್ತೀಯೋ ಮಾಡು, ಸರಿಯಾಗಿ ವಿಚಾರಿಸಿ ಮಾಡು” ಎಂದು ಒಪ್ಪಿಗೆ ಕೊಟ್ಟರು.

ವಿಚಾರಿಸಲು ಅಂಗಡಿಗಿಂತ ನೆಂಟರ ಮನೆಗಳೇ ಲೇಸು ಎನ್ನಿಸಿತು. 1997ರಲ್ಲಿ ನಮ್ಮ ಜಿಲ್ಲೆ ಆದಾಗ ಶಿವಮೊಗ್ಗದ ಕಡೆಯಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದ ಕಡೆಯಿಂದ ಜಗಳೂರು ಬಂತು. ಒಂದು ಕಡೆ ಅಡಿಕೆ ತೋಟ, ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ಮಳೆ ಕಾಯುವ ಹೊಲ. ಮನೆಯೊಳಗಿನ ನೆಲವೂ ಹಾಗೇ ಬೇರೆ ಬೇರೆ. ಕೈಚೀಲದಲ್ಲಿ ಒಂದು ನೋಟ್‌ಪುಸ್ತಕ ಇಟ್ಟುಕೊಂಡು ಬಸ್ಸು ಹತ್ತಿದೆ.

ಚನ್ನಗಿರಿಯಲ್ಲಿ ಕೆಂಪು ಹೆಜ್ಜೆ

ಕೋಟೆಯ ಗುಡ್ಡ ಕಂಡರೆ ಚನ್ನಗಿರಿ ಬಂತೆಂದೇ ಲೆಕ್ಕ. ನಾನು ಹೋದದ್ದು ಅಡಿಕೆ ಸುಗ್ಗಿಯಲ್ಲಿ. ನಾದಿನಿಯ ಮನೆಯಂಗಳದಲ್ಲಿ ಹಂಡೆ ತುಂಬ ಅಡಿಕೆ ಬೇಯುತ್ತಿತ್ತು, ಪಕ್ಕದಲ್ಲಿ ಚೊಗರು. ಅವರ ಎರಡು ನಾಯಿಗಳೂ ಅದರಲ್ಲಿ ಕಾಲಿಟ್ಟು ನೇರ ಒಳಗೆ ಬರುತ್ತವೆ. ನಡುಮನೆಗೆ ಹಾಕಿಸಿದ್ದು ಬಿಳಿ ಅಮೃತಶಿಲೆ! ಅದರ ತುಂಬ ಕಂದುಗೆಂಪು ಹೆಜ್ಜೆಗಳು. “ಲಕ್ಷ್ಮಿ ಹೆಜ್ಜೆ ಅಂದ್ಕಂಡು ಸುಮ್ಮನಾಗಿದೀನಿ ಅತ್ತಿಗೆ” ಎಂದು ನಾದಿನಿ ನಕ್ಕಳು. ನಿಂಬೆರಸ ಹಾಕಿ ತಿಕ್ಕಿದ್ದಳಂತೆ, ಕಲೆ ಹೋಗದೆ ಹೊಳಪು ಹೋಗಿತ್ತು. ಅಮೃತಶಿಲೆ ಸುಣ್ಣದ ಜಾತಿಯ ಕಲ್ಲು. ಹುಳಿ ಯಾವುದೇ ಇರಲಿ, ಅದನ್ನು ತಿನ್ನುತ್ತದೆ. ಶಹಾಬಾದ್ ಕಲ್ಲಿಗೂ ಇದೇ ಮಾತು. ಪ್ರಾಣಿಗಳ ಮೂತ್ರವನ್ನೂ ಇಂಥ ಕಲ್ಲು ಬೇಗ ಹೀರಿಕೊಳ್ಳುತ್ತದೆ.

ಪುಸ್ತಕದಲ್ಲಿ ಬರೆದುಕೊಂಡೆ: ನೆಲದ ಬಣ್ಣ ಊರಿನ ಮಣ್ಣಿನ ಬಣ್ಣಕ್ಕೆ ಹತ್ತಿರವಿರಲಿ, ಕಲೆ ಹೀರುವ ಕಲ್ಲು ಬೇಡ.

ಹೊನ್ನಾಳಿಯ ಬೆಕ್ಕು

ಹೊನ್ನಾಳಿ ತುಂಗಭದ್ರೆಯ ದಡದ ಊರು. ಹೊಳೆ ತುಂಬಿದರೆ ತಗ್ಗಿನ ಮನೆಗಳಿಗೆ ನೀರು ನುಗ್ಗುವುದೂ ಉಂಟು. ಚಿಕ್ಕಮ್ಮನ ಮನೆ ಎತ್ತರದಲ್ಲಿದೆ, ಆದರೂ ಮಳೆಗಾಲವಿಡೀ ಶೀತ. ಮಗ ಆಸೆಪಟ್ಟು ಕೋಣೆಗೆ ಮರದಂತೆ ಕಾಣುವ ಲ್ಯಾಮಿನೇಟ್ ಹಲಗೆ ಹಾಸಿಸಿದ್ದ. ಒಳಗೆ ಇರುವುದು ಒತ್ತಿದ ಮರದ ಪುಡಿ. ಬೆಕ್ಕು ಮೂಲೆಯಲ್ಲಿ ಎರಡು ಸಲ ಗಲೀಜು ಮಾಡಿತು. ಸಂದಿಗೆ ಇಳಿದ ತೇವಕ್ಕೆ ಹಲಗೆಯ ಅಂಚು ಹಪ್ಪಳದಂತೆ ಉಬ್ಬಿಕೊಂಡಿತು. ವಾಸನೆ ಉಳಿದದ್ದರಿಂದ ಬೆಕ್ಕು ಮತ್ತೆ ಮತ್ತೆ ಅದೇ ಮೂಲೆಗೆ ಹೋಗುತ್ತಿತ್ತು.

ಚಿಕ್ಕಮ್ಮ ದಿನವೂ ಫಿನಾಯಿಲ್ ಸುರಿಯುತ್ತಿದ್ದರು. ಅದನ್ನು ಅಲ್ಲೇ ನಿಲ್ಲಿಸಿಸಿದೆ. ಸೋದರಿಯರೇ, ನೀವೂ ಗಮನಿಸಿ. ಫಿನಾಯಿಲ್ ಜಾತಿಯ ಔಷಧಿಗಳು ಬೆಕ್ಕಿಗೆ ವಿಷ. ನೆಲ ಮೆಟ್ಟಿದ ಪಾದವನ್ನು ಅದು ನೆಕ್ಕಿಯೇ ನೆಕ್ಕುತ್ತದೆ, ಅದನ್ನು ಅರಗಿಸಿಕೊಳ್ಳುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ಅಮೋನಿಯಾ ಇರುವ ದ್ರವವೂ ಬೇಡ, ಆ ವಾಸನೆ ಅವಕ್ಕೆ ಮೂತ್ರದ ವಾಸನೆಯಂತೆಯೇ ಇರುತ್ತದೆ. ಮೊದಲು ಒಣಬಟ್ಟೆಯಿಂದ ಒತ್ತಿ ಹೀರಿಸಿ, ಸೋಪಿನ ನೀರಲ್ಲಿ ಒರೆಸಿ, ಅಡಿಗೆ ಸೋಡಾ ಉದುರಿಸಿ ಬಿಟ್ಟು ಗುಡಿಸಿದರೆ ವಾಸನೆ ಎಷ್ಟೋ ಕಡಿಮೆಯಾಗುತ್ತದೆ.

ನ್ಯಾಮತಿಯ ಕೆಂಪು ಗಾರೆ

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು, ಈಗ ಅದೇ ತಾಲ್ಲೂಕು. ಅಲ್ಲಿ ನನ್ನ ಸೋದರಮಾವನ ಹಳೇ ಮನೆಯ ಕೆಂಪು ನೆಲದ ಮೇಲೆ ನಾನು ಅಂಬೆಗಾಲಿಟ್ಟವಳು. ಅಂದಿನ ನೆಲವೇ ಇಂದೂ ಇದೆ. ಗಾರೆ ಕೆಲಸದ ಅಜ್ಜ ಒಬ್ಬರು ಎದುರಿಗೇ ಸಿಕ್ಕರು. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ತೀಡಿ ತೀಡಿ ನುಣುಪು ಮಾಡಿ, ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಬೇಕಂತೆ. “ಅವಸರ ಮಾಡಿದ್ರೆ ಬಿರುಕು ಬಿಡ್ತದೆ ತಾಯಿ. ಈಗ ಯಾರಿಗೈತೆ ಅಷ್ಟು ತಾಳ್ಮೆ?” ಎಂದರು.

ಈ ನೆಲದಲ್ಲಿ ಸಂದಿಗಳು ಕಡಿಮೆ, ಹಾಗಾಗಿ ಗಲೀಜು ಇಳಿಯುವ ಜಾಗವೇ ಇಲ್ಲ. ಬೇಸಿಗೆಗೆ ತಂಪು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅದು ತೇಕುತ್ತದೆ, ತಣ್ಣಗಿನ ನೆಲಕ್ಕೆ ಹೊಟ್ಟೆ ಒತ್ತಿ ಮಲಗುತ್ತದೆ. ಅತ್ತೆಯ ನಾಯಿ ಹಾಗೇ ಮಲಗಿತ್ತು. ಒಂದೇ ಎಚ್ಚರ: ಎಣ್ಣೆ, ಮೇಣ ಹಚ್ಚಿ ಉಜ್ಜಿದರೆ ಇದೂ ಜಾರುತ್ತದೆ.

ಜಗಳೂರಿನ ಪಾಠ

ಕೊನೆಗೆ ಜಗಳೂರು. ಕೊಂಡುಕುರಿಗಳಿಗೆ ಹೆಸರಾದ ರಂಗಯ್ಯನದುರ್ಗ ಕಾಡು ಈ ತಾಲ್ಲೂಕಿನದೇ, 2011ರಲ್ಲಿ ವನ್ಯಧಾಮವಾಯಿತು. ದೊಡ್ಡಮ್ಮನದು ಹಳ್ಳಿಯ ಮಣ್ಣಿನ ಮಾಳಿಗೆ ಮನೆ. ಹೊಸ್ತಿಲು ದಾಟಿದರೆ ಮೊದಲು ಸಿಗುವುದೇ ದನಗಳ ಅಂಕಣ, ಅದಕ್ಕಿಂತ ಎರಡು ಮೆಟ್ಟಿಲು ಎತ್ತರದಲ್ಲಿ ಜನರ ಪಡಸಾಲೆ. ದನದ ಕಡೆ ಒರಟು ಚಪ್ಪಡಿ, ಗಂಜಲ ಹರಿದುಹೋಗುವಂತೆ ಕಾಲುವೆಯ ಕಡೆಗೆ ಸ್ವಲ್ಪವೇ ಇಳಿಜಾರು. ಜನರ ಕಡೆ ಸಗಣಿ ಸಾರಿಸಿದ ನೆಲ.

“ಚಪ್ಪಡಿ ನುಣ್ಣಗೆ ಮಾಡಿಸಬಾರದಾ ದೊಡ್ಡಮ್ಮಾ, ತೊಳೆಯೋಕೆ ಸಲೀಸು” ಎಂದೆ, ಬೇಕೆಂದೇ.

“ಎತ್ತು ಜಾರಿ ಕಾಲು ಮುರಕಂಡ್ರೆ ಸಂಸಾರನೇ ಬಿದ್ದಂಗಲ್ಲೇನವ್ವಾ? ನೆಲ ಇರಾದು ಕಾಲಿಗೆ, ಕಣ್ಣಿಗಲ್ಲ” ಎಂದರು.

ಶಾಲೆಯ ಮುಖ ನೋಡದ ದೊಡ್ಡಮ್ಮ ಹೇಳಿದ ಈ ಮಾತು ನಮಗೆ ಟೈಲ್ಸ್ ಅಂಗಡಿಯಲ್ಲಿ ಯಾಕೆ ಹೊಳೆಯಲಿಲ್ಲ? ನಾವು ನೆಲವನ್ನು ಬಂದುಹೋಗುವವರ ಕಣ್ಣಿಗೆಂದು ಆರಿಸಿದ್ದೆವು. ಮನೆಯಲ್ಲೇ ಇರುವ ಹನ್ನೊಂದು ವರ್ಷದವನನ್ನೂ ಎಪ್ಪತ್ತೆಂಟು ವರ್ಷದವರನ್ನೂ ಮರೆತಿದ್ದೆವು.

ನಾವು ಮಾಡಿದ್ದು

ಎಲ್ಲ ಕಿತ್ತು ಹಾಕಿಸುವ ಶಕ್ತಿ ನಮಗಿರಲಿಲ್ಲ. ಕರಿಯ ಹೆಚ್ಚು ಓಡಾಡುವ ವರಾಂಡ, ನಡುವಿನ ಓಣಿ, ಬಚ್ಚಲ ಮುಂದಿನ ಜಾಗ, ಇಷ್ಟಕ್ಕೆ ಮಾತ್ರ ಹೊಳಪಿಲ್ಲದ ಒಂದಡಿಯ ಇಟ್ಟಿಗೆ ಬಣ್ಣದ ಟೈಲ್ಸ್ ಹಾಕಿಸಿದೆವು. ವರಾಂಡಕ್ಕೆ ಜಗಳೂರಿನಂತೆ ಇಳಿಜಾರು. ಸಂದಿಗೆ ಸಿಮೆಂಟಿನ ಬದಲು ಎಪಾಕ್ಸಿ, ಖರ್ಚು ಹೆಚ್ಚಾದರೂ ಅದು ಮೂತ್ರ ಹೀರುವುದಿಲ್ಲ. ನಡುಮನೆಯ ಕನ್ನಡಿ ನೆಲದ ಮೇಲೆ ಬಾಗಿಲಿಂದ ಅಡಿಗೆಮನೆವರೆಗೆ, ಅಡಿಗೆ ರಬ್ಬರ್ ಇರುವ ಚಾಪೆಗಳ ಸಾಲು. ನೀರಿನ ಬಟ್ಟಲ ಕೆಳಗೆ ಮಡಿಸಿದ ಗೋಣಿತಾಟು. ತಿಂಗಳಿಗೊಮ್ಮೆ ಕರಿಯನ ಉಗುರು, ಪಾದದ ಸಂದಿಯ ಕೂದಲು ಕತ್ತರಿಸುತ್ತೇವೆ. ಉಗುರು ಉದ್ದವಾದರೆ ಯಾವ ನೆಲವೂ ಜಾರುತ್ತದೆ.

ನೀವು ಕೊಳ್ಳುವ ಮುಂಚೆ ಅಂಗಡಿಯಿಂದ ಒಂದೇ ಟೈಲ್ ತನ್ನಿ. ನೀರು ಚೆಲ್ಲಿ, ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ನಿಂತು ನೋಡಿ. ಡಬ್ಬಿಯ ಮೇಲೆ ಆರ್-9, ಆರ್-10 ಎಂಬ ಗುರುತಿದ್ದರೆ, ಅಂಕಿ ದೊಡ್ಡದಾದಷ್ಟೂ ಹಿಡಿತ ಜಾಸ್ತಿ. ಆದರೆ ತೀರಾ ಒರಟು ತಂದರೆ ಒರೆಸುವವರಿಗೇ ಕಷ್ಟ.

ಈಗ ಬಂದವರು ಯಾರೂ ನಮ್ಮ ಓಣಿಯ ನೆಲವನ್ನು ಹೊಗಳುವುದಿಲ್ಲ. ಕರಿಯ ಮಾತ್ರ ಗೋಡೆ ಬಿಟ್ಟು ನಡುವೆಯೇ ಬರುತ್ತಾನೆ, ಹಿಂಗಾಲು ಸ್ವಲ್ಪ ಎಳೆಯುತ್ತಾ. ಅವನ ಹಿಂದೆ ನಮ್ಮ ಅತ್ತೆಯವರು, ಕೋಲು ಮೂಲೆಯಲ್ಲೇ ಬಿಟ್ಟು.